ಮಾಯದ ಹುಣ್ಣಿನವರ ಬದುಕನ್ನು ಅಳೆಯಲು ಯಾವ ಪ್ರಶ್ನಾವಳಿ?

ಡ್ರೆಸ್ಸಿಂಗ್ ಕೋಣೆಯ ರಿಜಿಸ್ಟರ್ ತೆರೆದರೆ ಹುಣ್ಣಿನ ಉದ್ದ, ಅಗಲ, ಕೀವು ಇದೆಯೋ ಇಲ್ಲವೋ, ಏನು ಹಚ್ಚಿ ಪಟ್ಟಿ ಕಟ್ಟಿದರು ಎಂಬುದೆಲ್ಲ ಸಿಗುತ್ತದೆ. ಆ ಕಾಲಿನ ಯಜಮಾನ ರಾತ್ರಿ ಕಣ್ಣು ಮುಚ್ಚಿದನೋ ಇಲ್ಲವೋ, ವಾಸನೆಗೆ ಅಂಜಿ ತಮ್ಮನ ಮಗಳ ಮದುವೆಗೆ ಹೋಗದೆ ಉಳಿದನೋ ಎಂಬುದಕ್ಕೆ ಕಾಲಂ ಇರುವುದಿಲ್ಲ. ಆರು ತಿಂಗಳಲ್ಲಿ 4 ಸೆಂಟಿಮೀಟರಿನ ಹುಣ್ಣು 3 ಸೆಂಟಿಮೀಟರಿಗೆ ಇಳಿದಿದೆ ಅಂದರೆ ಚಿಕಿತ್ಸೆ ಸೋತಂತೆ ಕಾಣುತ್ತದೆ. ಅದೇ ಆರು ತಿಂಗಳಲ್ಲಿ ರಸಿಗೆ ನಿಂತು, ನೋವು ತಗ್ಗಿ, ಆತ ಮತ್ತೆ ಸಂತೆಗೆ ಹೋಗಿ ಬರುತ್ತಿದ್ದರೆ ಅದನ್ನು ಸೋಲು ಎನ್ನಲು ಬರುವುದಿಲ್ಲ. ಈ ಬದಲಾವಣೆಯನ್ನು ಅಂಕಿಯಲ್ಲಿ ಹಿಡಿಯಲೆಂದೇ ಜೀವನದ ಗುಣಮಟ್ಟ ಅಳೆಯುವ ಪ್ರಶ್ನಾವಳಿಗಳಿವೆ. ಯಾವುದನ್ನು ಆರಿಸಬೇಕು ಎಂಬುದೇ ಇಲ್ಲಿಯ ವಿಷಯ.

ದಾವಣಗೆರೆ, ಚಿತ್ರದುರ್ಗದ ಕಡೆ ಡ್ರೆಸ್ಸಿಂಗ್ ಕೋಣೆಗೆ ಬರುವ ಹುಣ್ಣುಗಳು ಹಲವು ಬಗೆ. ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣು. ಮಂಡಕ್ಕಿ ಭಟ್ಟಿಯಲ್ಲೋ ಹೋಟೆಲ್ ಒಲೆಯ ಮುಂದೋ ದಿನವಿಡೀ ನಿಂತು ಕಾಲಿನ ರಕ್ತನಾಳ ಉಬ್ಬಿದವರಿಗೆ ಹಿಮ್ಮಡಿಗಂಟಿನ ಮೇಲೆ ಆಗುವ ಹುಣ್ಣು. ಹಾಸಿಗೆ ಹಿಡಿದವರ ಬೆನ್ನಿನ, ಸೊಂಟದ ಹುಣ್ಣು. ಕುಷ್ಠ ವಾಸಿಯಾದ ಮೇಲೂ ಜೋಮು ಉಳಿದ ಪಾದದಲ್ಲಿ ಮತ್ತೆ ಮತ್ತೆ ಏಳುವ ಹುಣ್ಣು. ಇವೆಲ್ಲಕ್ಕೂ ಒಂದೇ ಹಾಳೆ ಸಾಲದು. ಹಾಗೆಂದು ಬಗೆಗೊಂದು ಹಾಳೆ ಇಟ್ಟುಕೊಂಡರೆ ಯಾವುದೂ ನಡೆಯುವುದಿಲ್ಲ.

ಮೊದಲೇ ನಮ್ಮ ಅಭಿಪ್ರಾಯ ಹೇಳಿಬಿಡುತ್ತೇವೆ. ದಿನಕ್ಕೆ ಇಪ್ಪತ್ತು ಮೂವತ್ತು ಜನಕ್ಕೆ ಪಟ್ಟಿ ಕಟ್ಟುವ ಕೋಣೆಯಾದರೆ ಹುಣ್ಣಿಗೆಂದೇ ಮಾಡಿದ, 17 ಪ್ರಶ್ನೆಗಳ ವೂಂಡ್-ಕ್ಯೂಓಎಲ್ ಒಂದೇ ಸಾಕು. ತಿಂಗಳಿಗೊಮ್ಮೆ ಒಬ್ಬರೇ, ಒಂದೇ ರೀತಿಯಲ್ಲಿ ಕೇಳಬೇಕು. ಖರ್ಚು-ಲಾಭದ ಲೆಕ್ಕ ಬೇಕಿದ್ದರೆ ಅಥವಾ ಹುಣ್ಣು ಮಾಯ್ದ ಮೇಲೂ ರೋಗಿಯನ್ನು ಹಿಂಬಾಲಿಸುವ ಯೋಚನೆ ಇದ್ದರೆ ಎಲ್ಲ ಕಾಯಿಲೆಗೂ ಸಲ್ಲುವ, ಐದು ಪ್ರಶ್ನೆಗಳ ಇಕ್ಯೂ-5ಡಿ ಸೇರಿಸಿ. ಉಳಿದವು ಸಂಶೋಧನೆಗೆ, ಅದೂ ನಿರ್ದಿಷ್ಟ ಕಾರಣ ಇದ್ದಾಗ.

ಎರಡು ಜಾತಿಯ ಹಾಳೆಗಳು

ಎಲ್ಲ ಕಾಯಿಲೆಗೂ ಸಲ್ಲುವ ಸಾಮಾನ್ಯ ಪ್ರಶ್ನಾವಳಿಗಳು ಒಂದು ಜಾತಿ. ಹೃದ್ರೋಗಿಯನ್ನೂ ಮಂಡಿನೋವಿನವರನ್ನೂ ಹುಣ್ಣಿನವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಅವು ಬೇಕು. ಆದರೆ ವಾಸನೆ, ರಸಿಗೆ, ಪಟ್ಟಿ ಬಿಚ್ಚುವಾಗಿನ ಯಾತನೆ ಅವುಗಳಲ್ಲಿ ಎಲ್ಲೂ ಬರುವುದಿಲ್ಲ. ಅರವತ್ತೈದು ದಾಟಿದ, ಸಕ್ಕರೆ, ಬಿಪಿ, ಮಂಡಿನೋವು ಎಲ್ಲ ಇರುವ ವ್ಯಕ್ತಿಯ ಹುಣ್ಣು ಪೂರ್ತಿ ಮಾಯ್ದರೂ ಸಾಮಾನ್ಯ ಹಾಳೆಯ ಅಂಕ ಅಲ್ಲಾಡದೆ ಕೂರಬಹುದು, ಏಕೆಂದರೆ ನಡಿಗೆಯನ್ನು ತಡೆದಿದ್ದು ಹುಣ್ಣಷ್ಟೇ ಆಗಿರಲಿಲ್ಲ, ಮಂಡಿಯೂ ಇತ್ತು.

ಹುಣ್ಣಿಗೆಂದೇ ಮಾಡಿದವು ಇನ್ನೊಂದು ಜಾತಿ. ಇವು ಚಿಕ್ಕ ಬದಲಾವಣೆಯನ್ನೂ ಹಿಡಿಯುತ್ತವೆ. ಆದರೆ ಹುಣ್ಣಿನವರ ಕಷ್ಟ ಡಯಾಲಿಸಿಸ್‌ನವರ ಕಷ್ಟಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದರೆ ಇವು ಉತ್ತರಿಸಲಾರವು.

ವೂಂಡ್-ಕ್ಯೂಓಎಲ್

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮಾಡಿ 2014ರಲ್ಲಿ ಪ್ರಕಟಿಸಿದ್ದು. ಅದಕ್ಕೂ ಮುಂಚೆ ಇದ್ದ ಮೂರು ಉದ್ದನೆಯ ಪ್ರಶ್ನಾವಳಿಗಳನ್ನು ಸೋಸಿ 17 ಪ್ರಶ್ನೆಗೆ ಇಳಿಸಿದರು. ಕಳೆದ 7 ದಿನಗಳ ಬಗ್ಗೆ ಕೇಳುತ್ತದೆ. ಪ್ರತಿ ಪ್ರಶ್ನೆಗೂ 0ಯಿಂದ 4ರವರೆಗೆ ಅಂಕ: ಸೊನ್ನೆ ಎಂದರೆ ಒಂದಿಷ್ಟೂ ಇಲ್ಲ, ನಾಲ್ಕು ಎಂದರೆ ವಿಪರೀತ.

ಮೊದಲ ಐದು ಪ್ರಶ್ನೆ ದೇಹದ್ದು: ನೋವು, ವಾಸನೆ, ಸೋರುವುದು, ನಿದ್ದೆ, ಚಿಕಿತ್ಸೆಯೇ ಹೊರೆಯಾಗುವುದು. ಮುಂದಿನ ಐದು ಮನಸ್ಸಿನದು: ಬೇಸರ, ಮಾಯಲು ಇಷ್ಟು ದಿನ ಹಿಡಿಯಿತಲ್ಲ ಎಂಬ ರೋಸು, ಚಿಂತೆ, ಇನ್ನೊಂದು ಹುಣ್ಣು ಎದ್ದೀತೆಂಬ ಹೆದರಿಕೆ, ಎಲ್ಲಾದರೂ ತಾಗೀತೆಂಬ ಹೆದರಿಕೆ. ಹನ್ನೊಂದರಿಂದ ಹದಿನಾರು ದಿನದ ಬದುಕಿನದು: ಓಡಾಟ, ಮೆಟ್ಟಿಲು, ಕೆಲಸ, ಬಿಡುವಿನ ಹೊತ್ತು, ಜನರೊಂದಿಗಿನ ಒಡನಾಟ, ಬೇರೆಯವರ ಮೇಲೆ ಅವಲಂಬನೆ. ಹದಿನೇಳನೆಯದು ಹಣದ ಹೊರೆ. ಈ ಕೊನೆಯ ಒಂದು ಪ್ರಶ್ನೆಗಾಗಿಯೇ ನಮ್ಮ ಕಡೆಗೆ ಇದನ್ನು ಮೇಲೆ ಇಡಬೇಕು. ದಿನಗೂಲಿಯವರಿಗೆ ಡ್ರೆಸ್ಸಿಂಗಿನ ದಿನ ಕೂಲಿಯೂ ಹೋಯಿತು, ಬಸ್ಸಿನ ಚಾರ್ಜೂ ಹೋಯಿತು, ಜೊತೆಗೆ ಬಂದ ಮಗನ ಕೂಲಿಯೂ ಹೋಯಿತು. ಬಹಳಷ್ಟು ಪ್ರಶ್ನಾವಳಿಗಳು ಇದನ್ನು ಕೇಳುವುದೇ ಇಲ್ಲ.

ಅಂಕ ಹಾಕುವುದು ಸುಲಭ. ಉತ್ತರ ಬಂದ ಪ್ರಶ್ನೆಗಳ ಅಂಕ ಕೂಡಿ, ಉತ್ತರ ಬಂದ ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸಬೇಕು. 17ರಲ್ಲಿ ಕನಿಷ್ಠ 13ಕ್ಕೆ ಉತ್ತರ ಇರಬೇಕು, ಇಲ್ಲದಿದ್ದರೆ ಒಟ್ಟು ಅಂಕ ಹಾಕಬಾರದು. ಉಪವಿಭಾಗಗಳಲ್ಲಿ ಒಂದೊಂದು ಪ್ರಶ್ನೆ ಬಿಟ್ಟುಹೋದರೆ ಪರವಾಗಿಲ್ಲ, ಎರಡು ಬಿಟ್ಟರೆ ಆ ವಿಭಾಗವನ್ನು ಕೈಬಿಡಿ.

ಒಂದು ಲೆಕ್ಕ ನೋಡಿ, ಉದಾಹರಣೆಗೆ ಮಾಡಿದ್ದು. ಮೊದಲ ದಿನ ದೇಹದ ಐದಕ್ಕೆ 3, 4, 3, 2, 1 ಬಂತು, ಒಟ್ಟು 13, ಸರಾಸರಿ 2.6. ಮನಸ್ಸಿನದು 11, ಸರಾಸರಿ 2.2. ದಿನದ ಬದುಕಿನ ಆರಕ್ಕೆ 14, ಸರಾಸರಿ 2.33. ಹಣಕ್ಕೆ 4. ಎಲ್ಲ ಕೂಡಿದರೆ 42, ಹದಿನೇಳರಿಂದ ಭಾಗಿಸಿದರೆ 2.47. ಎರಡು ತಿಂಗಳ ಮೇಲೆ ದೇಹದ್ದು 6, ಮನಸ್ಸಿನದು 10, ದಿನದ ಬದುಕಿನದು 10, ಹಣದ್ದು ಮತ್ತೆ 4. ಒಟ್ಟು 30, ಅಂದರೆ 1.76. ಇಳಿತ 0.71. ಹೀಗೆ ಬಂದ ಸರಾಸರಿ ಅಂಕ ಅರ್ಧ ಅಂಕದಷ್ಟು, ಅಂದರೆ 0.5, ಬದಲಾದರೆ ರೋಗಿಗೆ ಅನುಭವಕ್ಕೆ ಬರುವಂಥ ಬದಲಾವಣೆ ಎಂದು ಹಿಡಿಯುವುದು ರೂಢಿ. ಇಲ್ಲಿ ಅದಕ್ಕಿಂತ ಹೆಚ್ಚೇ ಇಳಿದಿದೆ. ಆದರೆ ಬರೀ ಒಟ್ಟು ಅಂಕ ನೋಡಿ ಸಂತೋಷಪಟ್ಟರೆ ಎರಡು ಸಂಗತಿ ಕಣ್ಣು ತಪ್ಪುತ್ತವೆ: ಹಣದ ನಾಲ್ಕು ನಾಲ್ಕಾಗಿಯೇ ಇದೆ, ಮನಸ್ಸು ಒಂದಂಕ ಮಾತ್ರ ಇಳಿದಿದೆ. ಮುಂದೆ ಕೆಲಸ ಮಾಡಬೇಕಾದದ್ದು ಅಲ್ಲಿ.

ಕೊರತೆಗಳೂ ಇವೆ. ಮೆಟ್ಟಿಲಿನ ಪ್ರಶ್ನೆ ಹಟ್ಟಿಯಲ್ಲೋ ಹೊಲದ ಮನೆಯಲ್ಲೋ ಇರುವವರಿಗೆ ತಾಗುವುದಿಲ್ಲ. "ನಮ್ಮನ್ಯಾಗೆ ಮೆಟ್ಲೇ ಇಲ್ಲ" ಎಂದವರಿಗೆ ಸೊನ್ನೆ ಬರೆದರೆ ಅದು ತಪ್ಪು ಲೆಕ್ಕ. ಬಸ್ಸಿನ ಮೆಟ್ಟಿಲು ಹತ್ತುವುದನ್ನು ನೆನಪಿಸಿ ಕೇಳಿ, ಹಾಗೆ ಕೇಳಿದ್ದೀರಿ ಎಂದು ಹಾಳೆಯ ಅಂಚಿನಲ್ಲಿ ಗುರುತು ಹಾಕಿ. ಅದಕ್ಕೂ ಉತ್ತರ ಬಾರದಿದ್ದರೆ ಖಾಲಿ ಬಿಡಿ. ಖಾಲಿಗೂ ಸೊನ್ನೆಗೂ ಅಜಗಜಾಂತರ.

ಇದರದೇ ಚಿಕ್ಕ ರೂಪ 14 ಪ್ರಶ್ನೆಗಳದ್ದು ಇದೆ. ಒಮ್ಮೆ 17ರಲ್ಲಿ ಆರಂಭಿಸಿದವರು ಅರ್ಧ ದಾರಿಯಲ್ಲಿ 14ಕ್ಕೆ ಹೋಗಬೇಡಿ.

ಕಾರ್ಡಿಫ್ ವೂಂಡ್ ಇಂಪ್ಯಾಕ್ಟ್ ಷೆಡ್ಯೂಲ್

ವೇಲ್ಸ್‌ನ ಕಾರ್ಡಿಫ್‌ನದು, 2004ರಲ್ಲಿ ಪ್ರಕಟವಾಯಿತು. ಕಾಲಿನ ಹುಣ್ಣು ಮತ್ತು ಸಕ್ಕರೆಯವರ ಪಾದದ ಹುಣ್ಣಿಗೆಂದು ಮಾಡಿದ್ದು. ದೇಹದ ಲಕ್ಷಣ ಮತ್ತು ದಿನಚರಿ, ಸಾಮಾಜಿಕ ಬದುಕು, ಮನಸ್ಸಿನ ನೆಮ್ಮದಿ ಎಂದು ಮೂರು ಭಾಗ, ಕೊನೆಗೆ ಒಟ್ಟಾರೆ ಬದುಕಿನ ಬಗ್ಗೆ ಎರಡು ಪ್ರಶ್ನೆ. ಇದರ ದೊಡ್ಡ ಗುಣ ಎಂದರೆ ಮೊದಲ ಎರಡು ಭಾಗಗಳಲ್ಲಿ ಪ್ರತಿಯೊಂದನ್ನೂ ಎರಡು ಸಲ ಕೇಳುತ್ತದೆ: ಆ ತೊಂದರೆ ಆಯಿತೇ, ಆದದ್ದು ನಿಮ್ಮನ್ನು ಎಷ್ಟು ಕಾಡಿತು. ನಿದ್ದೆಗೆಟ್ಟರೂ ಅದಕ್ಕೆ ಒಗ್ಗಿಹೋದವರೂ, ಒಂದೇ ರಾತ್ರಿ ನಿದ್ದೆಗೆಟ್ಟು ಕಂಗಾಲಾದವರೂ ಇದರಲ್ಲಿ ಬೇರೆ ಬೇರೆಯಾಗಿ ಕಾಣುತ್ತಾರೆ. ವೂಂಡ್-ಕ್ಯೂಓಎಲ್‌ನಲ್ಲಿ ಈ ಭೇದ ಸಿಗುವುದಿಲ್ಲ.

ಬೆಲೆಯೂ ಅಷ್ಟೇ ದೊಡ್ಡದು. ಎರಡೆರಡು ಸಲ ಕೇಳುವುದರಿಂದ ಒಟ್ಟು ಉತ್ತರ 47. ಓದು ಬಾರದವರಿಗೆ ಓದಿ ಹೇಳುತ್ತಾ ಹೋದರೆ ಮೂವತ್ತು ದಾಟುವ ಹೊತ್ತಿಗೆ ಅವರು ಎಲ್ಲದಕ್ಕೂ ಒಂದೇ ಉತ್ತರ ಕೊಡತೊಡಗುತ್ತಾರೆ. ಸಾಲಾಗಿ ಹತ್ತು ಪ್ರಶ್ನೆಗೆ ಒಂದೇ ಅಂಕ ಬಂದಿದ್ದರೆ ಆ ಹಾಳೆಯನ್ನು ನಂಬಬೇಡಿ. "ಆಯ್ತಾ?" ಮತ್ತು "ಕಾಡ್ತಾ?" ಎಂಬ ಎರಡು ಪ್ರಶ್ನೆ ಬೆನ್ನಿಗೆ ಬೆನ್ನು ಬಂದಾಗ "ಈಗ್ತಾನೆ ಹೇಳಿದ್ನಲ್ಲ" ಎಂಬ ಉತ್ತರವೂ ಸಹಜ. ಹೊಸ ಬಗೆಯ ಡ್ರೆಸ್ಸಿಂಗ್ ಹೋಲಿಸುವ, ಕೂತು ಮಾತಾಡಲು ಸಮಯ ಇರುವ ಅಧ್ಯಯನಕ್ಕೆ ಇದು ಒಳ್ಳೆಯದು. ಹೊರರೋಗಿ ವಿಭಾಗದ ಗದ್ದಲಕ್ಕೆ ಅಲ್ಲ.

ಒಂದೊಂದೇ ಬಗೆಯ ಹುಣ್ಣಿಗೆ

ಸಕ್ಕರೆಯವರ ಪಾದಕ್ಕೆ ಡಯಾಬಿಟಿಕ್ ಫುಟ್ ಅಲ್ಸರ್ ಸ್ಕೇಲ್ ಇದೆ. ಮೂಲ ರೂಪದಲ್ಲಿ 58 ಪ್ರಶ್ನೆ, ಚಿಕ್ಕ ರೂಪದಲ್ಲಿ 29. ಚಿಕ್ಕದರಲ್ಲಿ ಆರು ಉಪವಿಭಾಗ. ಪಾದದ ಬಗೆಗಿನ ಚಿಂತೆ ಮತ್ತು ಹುಣ್ಣಿನ ಆರೈಕೆಯ ಕಿರಿಕಿರಿಗೆ ಪ್ರತ್ಯೇಕ ಅಂಕ ಕೊಡುವುದು ಇದರ ಬಲ. ಪಾದಕ್ಕೆ ಭಾರ ಬೀಳದಂತೆ ಪ್ಲಾಸ್ಟರ್ ಕ್ಯಾಸ್ಟ್ ಹಾಕಿದಾಗ ಏನಾಗುತ್ತದೆ ಎಂದು ನೋಡಲು ಇಂಥದ್ದು ಬೇಕು. ಕ್ಯಾಸ್ಟ್ ಹಾಕಿದರೆ ಹುಣ್ಣು ಚೆನ್ನಾಗಿ ಮಾಯುತ್ತದೆ, ಆದರೆ ಆ ವಾರಗಳಲ್ಲಿ ಬದುಕಿನ ಅಂಕ ಕುಸಿಯುತ್ತದೆ: ಸ್ನಾನ ಕಷ್ಟ, ಕುಕ್ಕರಗಾಲಲ್ಲಿ ಕೂರಲು ಆಗದು, ಹೊಲಕ್ಕೆ ಹೋಗುವಂತಿಲ್ಲ. ಕ್ಯಾಸ್ಟ್ ಇರುವಾಗ ಒಮ್ಮೆ, ತೆಗೆದ ಮೇಲೆ ಒಮ್ಮೆ ಅಳೆಯದಿದ್ದರೆ ಒಳ್ಳೆಯ ಚಿಕಿತ್ಸೆಗೆ ಕೆಟ್ಟ ಹೆಸರು ಬಂದೀತು.

ರಕ್ತನಾಳ ಉಬ್ಬಿ ಆದ ಹುಣ್ಣಿಗೆ 2000ದಲ್ಲಿ ಲಂಡನ್ನಿನಿಂದ ಬಂದ ಚೇರಿಂಗ್ ಕ್ರಾಸ್ ಪ್ರಶ್ನಾವಳಿ ಇದೆ. ಜನರೊಂದಿಗಿನ ಒಡನಾಟ, ಮನೆಗೆಲಸ, ಕಾಲು ಹೇಗೆ ಕಾಣುತ್ತದೆ ಎಂಬುದು, ಮನಸ್ಥಿತಿ ಎಂದು ನಾಲ್ಕು ಭಾಗ. ಕಾಣುವ ಬಗ್ಗೆ ಕೇಳುವುದು ಇಲ್ಲಿ ಮುಖ್ಯ ಅನ್ನಿಸದೆ ಇರಬಹುದು, ಸೀರೆ ಪಂಚೆ ಮುಚ್ಚಿಕೊಳ್ಳುತ್ತದೆ. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಹಾಗಲ್ಲ ಎಂದು ತಿಳಿಯುತ್ತದೆ.

ಹಾಸಿಗೆ ಹುಣ್ಣಿಗೆ ಇರುವ ಪ್ರತ್ಯೇಕ ಪ್ರಶ್ನಾವಳಿ ಉದ್ದವಾದದ್ದು. ಅದಕ್ಕಿಂತ ದೊಡ್ಡ ಅಡಚಣೆ ಎಂದರೆ ಆ ರೋಗಿಗಳಲ್ಲಿ ಅನೇಕರು ಉತ್ತರ ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಸೊಸೆಯೋ ಮಗಳೋ ಉತ್ತರಿಸಿದರೆ ಅದನ್ನು ರೋಗಿಯ ಉತ್ತರವೆಂದು ಬರೆಯಬಾರದು. ವಾಸನೆ, ರಸಿಗೆಯಂಥ ಕಣ್ಣಿಗೆ ಮೂಗಿಗೆ ಗೊತ್ತಾಗುವುದನ್ನು ಮನೆಯವರು ಸರಿಯಾಗಿಯೇ ಹೇಳುತ್ತಾರೆ. ನೋವು, ಹೆದರಿಕೆ, ಬೇಸರದ ವಿಷಯದಲ್ಲಿ ಅವರ ಅಂದಾಜು ತಪ್ಪುತ್ತದೆ. ಆರೈಕೆ ಮಾಡುವವರ ಹೊರೆಯನ್ನೇ ಅಳೆಯಬೇಕೆಂದರೆ 22 ಪ್ರಶ್ನೆಗಳ ಜಾರಿಟ್ ಮಾಪನ ಬೇರೆಯೇ ಇದೆ, ಅದನ್ನು ಅವರಿಗೇ ಕೇಳಿ.

ಕುಷ್ಠದಿಂದ ಜೋಮು ಹಿಡಿದ ಪಾದದ ವಿಷಯ ಇನ್ನೂ ಸೂಕ್ಷ್ಮ. ನೋವೇ ಇಲ್ಲದ್ದರಿಂದ ನೋವಿನ ಪ್ರಶ್ನೆಗಳಿಗೆಲ್ಲ ಸೊನ್ನೆ ಬಿದ್ದು ಅಂಕ ಚೆನ್ನಾಗಿ ಕಾಣುತ್ತದೆ. ಅವರನ್ನು ಕುಗ್ಗಿಸುವುದು ಜನ ದೂರ ಇಡುವುದು. ಅದಕ್ಕೆ ಪಾರ್ಟಿಸಿಪೇಷನ್ ಸ್ಕೇಲ್ ಸೂಕ್ತ: 18 ಪ್ರಶ್ನೆ, 0ಯಿಂದ 90 ಅಂಕ, 12 ದಾಟಿದರೆ ಸಮಾಜದಲ್ಲಿ ಬೆರೆಯಲು ಅಡ್ಡಿ ಇದೆ ಎಂದರ್ಥ. ಓರಗೆಯವರೊಂದಿಗೆ ಹೋಲಿಸಿ ಉತ್ತರಿಸಬೇಕಾದ್ದರಿಂದ ಕೇಳುವ ಮೊದಲು "ನಿಮ್ಮ ಓರಿಗೆಯವ್ರು, ನಿಮ್ಮಂಗೇ ಇರೋರು" ಎಂದರೆ ಯಾರೆಂದು ಮನದಟ್ಟು ಮಾಡಿಸಿ. ಸಕ್ಕರೆಯಿಂದ ಜೋಮು ಹಿಡಿದ ಪಾದಕ್ಕೂ ಇದೇ ನೋವಿನ ಸೊನ್ನೆಯ ಎಚ್ಚರ ಬೇಕು.

ಸಾಮಾನ್ಯ ಪ್ರಶ್ನಾವಳಿಗಳು

ಇಕ್ಯೂ-5ಡಿ-5ಎಲ್ ಐದೇ ಪ್ರಶ್ನೆ: ಓಡಾಟ, ಸ್ವಂತ ಕೆಲಸ, ದಿನನಿತ್ಯದ ಚಟುವಟಿಕೆ, ನೋವು ಅಥವಾ ಹಿಂಸೆ, ಆತಂಕ ಅಥವಾ ಖಿನ್ನತೆ. ಪ್ರತಿಯೊಂದಕ್ಕೂ ಐದು ಹಂತ. ಹಾಗಾಗಿ ಒಬ್ಬ ವ್ಯಕ್ತಿಯ ಸ್ಥಿತಿಯನ್ನು 31243 ಎಂಬಂತೆ ಐದಂಕಿಯಲ್ಲಿ ಬರೆಯುತ್ತಾರೆ, ಅಂಥ 3125 ಸ್ಥಿತಿಗಳು ಸಾಧ್ಯ. ಈ ಐದಂಕಿಯನ್ನು ಸಂಖ್ಯೆಯಂತೆ ಕೂಡಿ ಸರಾಸರಿ ತೆಗೆಯುವ ತಪ್ಪನ್ನು ಮಾಡಬೇಡಿ; ಅದು ವಿಳಾಸದಂತೆ, ಮೊತ್ತವಲ್ಲ. ಅದನ್ನು ಒಂದೇ ಅಂಕವಾಗಿ ಬದಲಿಸಲು ದೇಶವಾರು ಕೋಷ್ಟಕ ಬೇಕು. ಭಾರತದವರ ಆಯ್ಕೆಗಳ ಮೇಲೆ ಕಟ್ಟಿದ ಕೋಷ್ಟಕ 2022ರಲ್ಲಿ ಬಂದಿದೆ, ಇಂಗ್ಲೆಂಡಿನದನ್ನು ಎರವಲು ತರುವ ಅಗತ್ಯ ಇನ್ನಿಲ್ಲ. ಪೂರ್ಣ ಆರೋಗ್ಯಕ್ಕೆ 1, ಸಾವಿಗೆ 0, ಸಾವಿಗಿಂತ ಕೆಟ್ಟದೆಂದು ಜನ ತೂಗಿದ ಸ್ಥಿತಿಗಳಿಗೆ ಸೊನ್ನೆಗಿಂತ ಕಡಿಮೆ. ಜೊತೆಗೆ ಥರ್ಮಾಮೀಟರ್ ತರದ ಒಂದು ಗೆರೆ, 0ಯಿಂದ 100. ಕನ್ನಡ ರೂಪ ಇದೆ, ಯುರೋಕ್ಯೂಓಎಲ್ ಸಂಸ್ಥೆಯಲ್ಲಿ ನೋಂದಾಯಿಸಿ ಪಡೆಯಬೇಕು.

ಇದು ಕೇಳುವುದು "ಇವತ್ತಿನ" ಸ್ಥಿತಿಯನ್ನು. ಅದೇ ಅದರ ಮುಳ್ಳು. ಮೂರು ಗಂಟೆ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಬಂದವರ "ಇವತ್ತು" ಅವರ ಉಳಿದ ಆರು ದಿನಗಳಿಗಿಂತ ಕೆಟ್ಟದಾಗಿರುತ್ತದೆ. ಪ್ರತಿ ಸಲವೂ ಡ್ರೆಸ್ಸಿಂಗ್ ದಿನವೇ ಕೇಳಿದರೆ ಹೋಲಿಕೆ ಕೆಡುವುದಿಲ್ಲ. ಒಮ್ಮೆ ಆಸ್ಪತ್ರೆಯಲ್ಲಿ, ಮತ್ತೊಮ್ಮೆ ಫೋನಿನಲ್ಲಿ ಕೇಳಿದರೆ ಕೆಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-ಕ್ಯೂಓಎಲ್ ಬ್ರೆಫ್ ನಮ್ಮ ಕಾಲೇಜುಗಳ ಪ್ರಬಂಧಗಳಲ್ಲಿ ಹೆಚ್ಚು ಕಾಣುವುದು, ಕನ್ನಡದಲ್ಲೂ ಇದೆ. 26 ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ಎರಡು ಒಟ್ಟಾರೆ ಪ್ರಶ್ನೆ ಬಿಟ್ಟರೆ ದೇಹಕ್ಕೆ 7, ಮನಸ್ಸಿಗೆ 6, ಸಂಬಂಧಗಳಿಗೆ 3, ಪರಿಸರಕ್ಕೆ 8. ಹಣ, ಮನೆ, ಆಸ್ಪತ್ರೆಯ ಅನುಕೂಲ, ಓಡಾಟದ ಸೌಕರ್ಯ ಎಲ್ಲ ಈ ಪರಿಸರದ ಭಾಗದಲ್ಲಿ ಬರುವುದರಿಂದ ಹಳ್ಳಿಯ ರೋಗಿಗಳ ಚಿತ್ರ ಚೆನ್ನಾಗಿ ಸಿಗುತ್ತದೆ. ಲೆಕ್ಕದಲ್ಲಿ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. 3, 4, 26ನೇ ಪ್ರಶ್ನೆಗಳ ಅಂಕ ತಿರುಗಿಸಬೇಕು, ಅಂದರೆ 6ರಿಂದ ಕಳೆಯಬೇಕು. ಮರೆತರೆ ಹೆಚ್ಚು ನೋವಿದ್ದವರು ಸುಖಿಗಳಾಗಿ ಕಾಣುತ್ತಾರೆ. ಇನ್ನೊಂದು, ಲೈಂಗಿಕ ಬದುಕಿನ ಪ್ರಶ್ನೆ. ಪಕ್ಕದಲ್ಲಿ ಮೊಮ್ಮಗ ನಿಂತಿರುವಾಗ ಎಪ್ಪತ್ತರ ಅಜ್ಜಿಗೆ ಅದನ್ನು ಕೇಳಲೂ ಆಗದು, ಹೇಳಲೂ ಆಗದು. ಸಂಬಂಧಗಳ ಭಾಗದಲ್ಲಿ ಇರುವುದೇ ಮೂರು ಪ್ರಶ್ನೆ, ಒಂದು ಖಾಲಿ ಇದ್ದರೆ ಉಳಿದೆರಡರ ಸರಾಸರಿಯಿಂದ ನಡೆಯುತ್ತದೆ, ಎರಡು ಖಾಲಿಯಾದರೆ ಆ ಭಾಗವೇ ಇಲ್ಲ. ಒಟ್ಟು ಹಾಳೆಯಲ್ಲಿ ಶೇ. 20ಕ್ಕಿಂತ ಹೆಚ್ಚು ಖಾಲಿ ಇದ್ದರೆ ಹಾಳೆಯನ್ನೇ ಬಿಡಬೇಕು.

ಎಸ್‌ಎಫ್-36ರಲ್ಲಿ 36 ಪ್ರಶ್ನೆ, ಎಂಟು ಭಾಗ. ಪರವಾನಗಿ ಬೇಕು, ಸಮಯ ಬೇಕು, ಹುಣ್ಣಿನ ಬಗ್ಗೆ ಸಿಗುವುದು ಕಡಿಮೆ. ಚರ್ಮರೋಗ ವಿಭಾಗದವರು ಕೈಗೆಟುಕುತ್ತದೆಂದು 10 ಪ್ರಶ್ನೆಗಳ ಡಿಎಲ್‌ಕ್ಯೂಐ ಹಿಡಿಯುತ್ತಾರೆ. ಇಸಬು, ಸೋರಿಯಾಸಿಸ್‌ಗೆ ಅದು ಸರಿ. ಹುಣ್ಣಿಗೆ ಬೇಡ: ಆಟೋಟ, ಲೈಂಗಿಕ ಬದುಕಿನಂಥ ಪ್ರಶ್ನೆಗೆ ವಯಸ್ಸಾದವರು "ಅನ್ವಯಿಸುವುದಿಲ್ಲ" ಎಂದರೆ ಅದು ಸೊನ್ನೆ ಎಂದು ಲೆಕ್ಕವಾಗಿ, ನರಳುವವರ ಅಂಕವೂ ಹಗುರವಾಗಿ ಬರುತ್ತದೆ.

ಅಂಕದ ದಿಕ್ಕು

ಇದನ್ನು ಗೋಡೆಗೆ ಅಂಟಿಸಿಕೊಳ್ಳಿ. ವೂಂಡ್-ಕ್ಯೂಓಎಲ್, ಚೇರಿಂಗ್ ಕ್ರಾಸ್, ಡಿಎಲ್‌ಕ್ಯೂಐ, ಪಾರ್ಟಿಸಿಪೇಷನ್ ಸ್ಕೇಲ್: ಅಂಕ ಏರಿದರೆ ಕಷ್ಟ ಏರಿತು. ಕಾರ್ಡಿಫ್, ಡಯಾಬಿಟಿಕ್ ಫುಟ್ ಸ್ಕೇಲ್, ಬ್ರೆಫ್, ಎಸ್‌ಎಫ್-36, ಇಕ್ಯೂ-5ಡಿಯನ್ನು ಕೋಷ್ಟಕದಿಂದ ಒಂದೇ ಅಂಕವಾಗಿ ಬದಲಿಸಿದ ಮೌಲ್ಯ: ಅಂಕ ಏರಿದರೆ ಬದುಕು ಸುಧಾರಿಸಿತು. ಈ ಎರಡು ದಿಕ್ಕಿನ ಹಾಳೆಗಳನ್ನು ಒಟ್ಟಿಗೆ ಬಳಸುವಾಗ ಒಂದು ಇಳಿಯಬೇಕು, ಇನ್ನೊಂದು ಏರಬೇಕು. ಎರಡೂ ಏರಿದ್ದರೆ ಮೊದಲು ಟೈಪಿಂಗ್ ತಪ್ಪು ಹುಡುಕಿ, ವ್ಯಾಖ್ಯಾನ ಆಮೇಲೆ.

ಕನ್ನಡದಲ್ಲಿ ಕೇಳುವಾಗ

ಮೊದಲ ಕೆಲಸ, ಪ್ರಶ್ನಾವಳಿ ಮಾಡಿದವರಿಗೆ ಪತ್ರ ಬರೆದು ಕನ್ನಡ ರೂಪ ಕೇಳುವುದು, ಅನುಮತಿ ಪಡೆಯುವುದು. ಸಿದ್ಧ ರೂಪ ಸಿಗದಿದ್ದರೆ ಇಬ್ಬರು ಬೇರೆ ಬೇರೆ ಅನುವಾದಿಸಿ, ಎರಡನ್ನೂ ಕೂಡಿಸಿ ಒಂದು ಮಾಡಿ, ಮೂಲ ನೋಡದ ಇನ್ನೊಬ್ಬರಿಂದ ಹಿಂದಕ್ಕೆ ಅನುವಾದಿಸಿ, ಮೂಲದೊಂದಿಗೆ ತಾಳೆ ನೋಡಿ, ಕೊನೆಗೆ ಐದರಿಂದ ಎಂಟು ರೋಗಿಗಳಿಗೆ ಕೇಳಿ "ಇದರಿಂದ ನಿಮಗೇನು ತಿಳೀತು?" ಎಂದು ಪರೀಕ್ಷಿಸಬೇಕು. ಈ ಕೊನೆಯ ಹೆಜ್ಜೆಯನ್ನೇ ಹಾರಿಸುವವರು ಹೆಚ್ಚು. ಎಡವುವುದೂ ಅಲ್ಲೇ.

ಯಾಕೆಂದರೆ "ಗಾಯ" ಎಂದರೆ ನಮ್ಮ ಜನಕ್ಕೆ ಬಿದ್ದು ಪೆಟ್ಟಾದದ್ದು. ತಾನಾಗಿ ಎದ್ದು ಮಾಯದೆ ಉಳಿದದ್ದು "ಹುಣ್ಣು". "ಗಾಯದಿಂದ ನೋವಾಯಿತೇ" ಎಂದರೆ "ನಂಗೆಲ್ಲಿ ಗಾಯ ಆಗೈತ್ರಿ?" ಎನ್ನುತ್ತಾರೆ. "ಸ್ರಾವ" ಎಂದರೆ ಯಾರಿಗೂ ತಿಳಿಯದು, ಹೆಂಗಸರಿಗೆ ಬೇರೆಯೇ ಅರ್ಥ ಹೊಳೆಯುತ್ತದೆ. "ರಸಿಗೆ ಸೋರೋದು" ಅನ್ನಿ. "ಖಿನ್ನತೆ" ಪುಸ್ತಕದ ಪದ; "ಮನ್ಸಿಗೆ ಬ್ಯಾಸ್ರ, ಯಾವ್ದೂ ಬ್ಯಾಡ ಅನ್ಸೋದು" ಎಂಬುದು ತಲುಪುತ್ತದೆ. ಆದರೆ ಕೇಳುವವರು ತಮಗೆ ತೋಚಿದಂತೆ ಒಬ್ಬೊಬ್ಬರಿಗೆ ಒಂದೊಂದು ಮಾತು ಹೇಳಬಾರದು. ಒಪ್ಪಿಗೆಯಾದ ವಿವರಣೆ ಹಾಳೆಯಲ್ಲೇ ಅಚ್ಚಾಗಿರಲಿ.

ಏಳು ದಿನದ ಲೆಕ್ಕಕ್ಕೆ ಸಂತೆ ಒಳ್ಳೆಯ ಗೂಟ. "ಅಜ್ಜಾ, ಹೋದ ಸಂತಿಯಿಂದ ಈ ಸಂತಿತನಕ ಹುಣ್ಣು ಎಷ್ಟು ನೋವು ಕೊಡ್ತು?" ಎಂದರೆ ಕ್ಯಾಲೆಂಡರ್ ಬೇಡ. ಐದು ಹಂತದ ಉತ್ತರ ಕಷ್ಟವಾದಾಗ ಹಳೆಯ ಆಣೆ ಲೆಕ್ಕ ಕೈಹಿಡಿಯುತ್ತದೆ: ಏನೂ ಇಲ್ಲ, ನಾಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ. ವಯಸ್ಸಾದವರಿಗೆ ಇದು ನಾಲಿಗೆ ಮೇಲೇ ಇದೆ. ಇಪ್ಪತ್ತೈದರ ಹುಡುಗನಿಗೆ ಇಲ್ಲ, ಅವನಿಗೆ ಅಚ್ಚಾದ ಪದಗಳೇ ಸಾಕು. ಬಳಸಿದರೆ ಬರೆದಿಡಿ, ಮುಂದಿನ ಸಲವೂ ಅದನ್ನೇ ಬಳಸಿ.

ಚಳ್ಳಕೆರೆ, ಮೊಳಕಾಲ್ಮುರು ಕಡೆ ಮನೆಯಲ್ಲಿ ತೆಲುಗು ಆಡುವವರು, ದಾವಣಗೆರೆ ಪೇಟೆಯಲ್ಲಿ ಉರ್ದುವಿನವರು, ತಾಂಡಾಗಳಿಂದ ಬರುವ ಲಂಬಾಣಿ ಮಾತಿನವರು ಇದ್ದಾರೆ. ವ್ಯವಹಾರಕ್ಕೆ ಕನ್ನಡ ಬಂದರೂ ನೋವು, ಹೆದರಿಕೆಯನ್ನು ಮನೆಮಾತಿನಲ್ಲೇ ಸರಿಯಾಗಿ ಹೇಳಲಾಗುವುದು. ಯಾವ ಮಾತಿನಲ್ಲಿ ಕೇಳಿದಿರಿ ಎಂಬುದಕ್ಕೊಂದು ಚೌಕ ಇಡಿ.

ಪ್ರಶ್ನೆ ಕೇಳುವುದು ಪಟ್ಟಿ ಬಿಚ್ಚುವ ಮುನ್ನ. ಬಿಚ್ಚಿದ ಮೇಲೆ ಕೇಳಿದರೆ ಆ ಗಳಿಗೆಯ ಉರಿ ಇಡೀ ವಾರದ ಮೇಲೆ ಕೂರುತ್ತದೆ. "ಚೆನ್ನಾಗಿ ಮಾಯ್ತಿದೆ" ಎಂದು ಡಾಕ್ಟರು ಹೇಳಿದ ಮೇಲೆ ಕೇಳಿದರೆ ಉತ್ತರ ಹಿತವಾಗಿ ತಿರುಗುತ್ತದೆ. ಪಟ್ಟಿ ಕಟ್ಟುವ ಸಿಸ್ಟರ್‌ಗೇ "ಚಿಕಿತ್ಸೆ ಹೊರೆಯಾಯಿತು" ಎಂದು ಮುಖಕ್ಕೆ ಹೇಳಲು ಜನ ಸಂಕೋಚಪಡುತ್ತಾರೆ, ಆದ್ದರಿಂದ ಬೇರೆಯವರು ಕೇಳುವುದು ಮೇಲು. ಮೊದಲ ಉತ್ತರ ಬಹುಪಾಲು "ಪರವಾಗಿಲ್ಲ" ಎಂದೇ ಬರುತ್ತದೆ. ಅದಕ್ಕೆ ಅಂಕ ಹಾಕಬೇಡಿ, ಹಂತಗಳನ್ನು ಇನ್ನೊಮ್ಮೆ ಓದಿ ಹೇಳಿ. ಜೊತೆಗೆ ಬಂದವರನ್ನು ಔಷಧದ ಚೀಟಿ ತರಲು ಕಳಿಸಿ ಆ ಹತ್ತು ನಿಮಿಷ ಬಳಸಿಕೊಳ್ಳಿ.

ಊರಿಗೆ ಬೇಕಾದ ಪ್ರಶ್ನೆ ಮೂಲದಲ್ಲಿಲ್ಲ ಅನ್ನಿಸಿದರೆ ಕೊನೆಯಲ್ಲಿ ಮೂರು ಮೀರದಂತೆ ಸೇರಿಸಿ, ಒಟ್ಟು ಅಂಕಕ್ಕೆ ಕೂಡಿಸಬೇಡಿ. ಕುಕ್ಕರಗಾಲಲ್ಲಿ ಕೂರಲು ಆಗುತ್ತದೆಯೇ, ಮದುವೆ ತಿಥಿಯ ಪಂಕ್ತಿಯಲ್ಲಿ ಕೂತು ಉಂಡಿರಾ, ಹೊಲಗದ್ದೆ ಅಥವಾ ಮಗ್ಗದ ಕೆಲಸಕ್ಕೆ ಎಷ್ಟು ದಿನ ಹೋದಿರಿ. ಮೊಳಕಾಲ್ಮುರಿನ ಗುಣಿಮಗ್ಗದ ನೇಕಾರರಿಗೆ ಕಾಲೇ ಕೆಲಸದ ಅರ್ಧ ಭಾಗ, ಹಿಂಡುಪಟ್ಟಿ (ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಪಟ್ಟಿ) ಕಟ್ಟಿಕೊಂಡು ತುಳಿಯಲು ಆಗುತ್ತದೋ ಇಲ್ಲವೋ ಎಂಬುದು ಯಾವ ಅಂತಾರಾಷ್ಟ್ರೀಯ ಹಾಳೆಯಲ್ಲೂ ಬರುವುದಿಲ್ಲ.

ಹಾಗೆಯೇ ಋತು ನೋಡಿ. ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಹಲವು ಪದರದ ಪಟ್ಟಿಯೊಳಗೆ ಕಾಲು ಬೆವೆತು ತುರಿಸುವಾಗ ಬರುವ ಅಂಕಕ್ಕೂ ಡಿಸೆಂಬರಿನ ಅಂಕಕ್ಕೂ ಇರುವ ವ್ಯತ್ಯಾಸ ಚಿಕಿತ್ಸೆಯದ್ದೇ ಆಗಿರಬೇಕಿಲ್ಲ. ಎರಡು ಗುಂಪುಗಳನ್ನು ಹೋಲಿಸುವಾಗ ಒಂದೇ ತಿಂಗಳುಗಳಲ್ಲಿ ಇಬ್ಬರನ್ನೂ ಸೇರಿಸಿಕೊಳ್ಳಿ.

ಅಂಕ ಬಂದ ಮೇಲೆ

ಅಂಕ ಕಡತಕ್ಕೆ ಹೋಗಿ ಮಲಗಿದರೆ ರೋಗಿಯ ಹತ್ತು ನಿಮಿಷವನ್ನು ಸುಮ್ಮನೆ ಕಿತ್ತುಕೊಂಡಂತೆ. ವೂಂಡ್-ಕ್ಯೂಓಎಲ್‌ನ ಯಾವುದೇ ಪ್ರಶ್ನೆಗೆ 3 ಅಥವಾ 4 ಬಂದರೆ ಅದೇ ದಿನ ಏನಾದರೂ ಆಗಬೇಕು ಎಂಬ ನಿಯಮ ಇಟ್ಟುಕೊಳ್ಳಿ. ವಾಸನೆಗೆ 3 ಬಂತು, ಸೋಂಕು ಇದೆಯೇ, ಸತ್ತ ಮಾಂಸ ತೆಗೆಯಬೇಕೇ, ಮೆಟ್ರೊನಿಡಜೋಲ್ ಜೆಲ್ ಹಚ್ಚಬಹುದೇ ಎಂದು ವೈದ್ಯರನ್ನು ಕೇಳಿ. ನೋವಿಗೆ 4 ಬಂತು, ಪಟ್ಟಿ ಬಿಚ್ಚುವ ಅರ್ಧ ಮುಕ್ಕಾಲು ಗಂಟೆ ಮುಂಚೆ ನೋವಿನ ಮಾತ್ರೆ, ಒಣಗಿ ಅಂಟಿದ ಗಾಜ್ ಅನ್ನು ಸಲೈನ್‌ನಲ್ಲಿ ನೆನೆಸಿ ತೆಗೆಯುವುದು. ರಕ್ತಸಂಚಾರ ಕಡಿಮೆಯಾಗಿಯೂ ನೋವು ಬರಬಹುದು. ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ 0.5ಕ್ಕಿಂತ ಕಡಿಮೆ ಇದ್ದವರಿಗೆ ಹಿಂಡುಪಟ್ಟಿ ಕಟ್ಟುವಂತಿಲ್ಲ, 0.8ಕ್ಕಿಂತ ಕಡಿಮೆ ಇದ್ದರೆ ತಜ್ಞರನ್ನು ಕೇಳದೆ ಕಟ್ಟಬಾರದು. ಹಣಕ್ಕೆ 4 ಬಂತು, ಡ್ರೆಸ್ಸಿಂಗ್ ದಿನವನ್ನು ಅವರ ಊರಿನ ಸಂತೆದಿನಕ್ಕೆ ಹೊಂದಿಸಿ, ನಡುವಿನ ಪಟ್ಟಿಯನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಕಟ್ಟಿಸುವ ಚೀಟಿ ಕೊಡಿ. ಮನಸ್ಸಿನ ಪ್ರಶ್ನೆಗಳಿಗೆ ಸಾಲಾಗಿ 4 ಬಂದರೆ, "ಇದ್ದೇನು ಮಾಡೋದು" ಎಂಬ ಮಾತು ಬಂದರೆ ಹಾಳೆ ಪಕ್ಕಕ್ಕಿಟ್ಟು ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ಅಂದೇ ಕಳಿಸಿ.

ನಾಲ್ಕು ವಾರಕ್ಕೊಮ್ಮೆ ಕೇಳುವುದು ಸಾಕು. ಪ್ರತಿ ವಾರ ಕೇಳಿದರೆ ಉತ್ತರ ಬಾಯಿಪಾಠವಾಗುತ್ತದೆ.

ಇನ್ನೊಂದನ್ನು ಮೊದಲ ದಿನವೇ ತೀರ್ಮಾನಿಸಿಕೊಳ್ಳಿ. ಹುಣ್ಣು ಪೂರ್ತಿ ಮಾಯ್ದ ಮೇಲೆ "ಹುಣ್ಣಿನಿಂದ ನಿದ್ದೆಗೆಟ್ಟಿತೇ" ಎಂದು ಕೇಳಲು ಬರುವುದಿಲ್ಲ, ಹುಣ್ಣಿಗೆಂದೇ ಇರುವ ಹಾಳೆ ಅಲ್ಲಿಗೆ ನಿಲ್ಲುತ್ತದೆ. ಆದರೆ ಪಾದದ ಹುಣ್ಣು ಮತ್ತೆ ಏಳುವಂಥದ್ದು, ಮಾಯ್ದ ಮೂರು ತಿಂಗಳ ಮೇಲೆ ಆ ವ್ಯಕ್ತಿ ಹೇಗಿದ್ದಾನೆ ಎಂದು ತಿಳಿಯಬೇಕಿದ್ದರೆ ಕೈಯಲ್ಲಿ ಉಳಿಯುವುದು ಇಕ್ಯೂ-5ಡಿಯಂಥ ಸಾಮಾನ್ಯ ಹಾಳೆ ಮಾತ್ರ. ಅದರ ಮೊದಲ ದಿನದ ಅಂಕ ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ, ಹಿಂದಕ್ಕೆ ಹೋಗಿ ಕೇಳಲೂ ಆಗುವುದಿಲ್ಲ. ಐದು ಪ್ರಶ್ನೆ, ಒಂದು ಗೆರೆ, ಐದು ನಿಮಿಷವೂ ಹಿಡಿಯದು. ಹೊಸ ರೋಗಿಯ ಚೀಟಿ ಮಾಡಿಸುವಾಗಲೇ ಅದನ್ನು ತುಂಬಿಸಿ ಕಡತದ ಮೊದಲ ಪುಟಕ್ಕೆ ಪಿನ್ ಮಾಡಿ.